ಮೈಸೂರಿನ ಬೈಕು, ಪುಣೆಯ ಬಳಗ

ಬೈಕ್ ಕ್ಲಬ್ ಎಂದ ಕೂಡಲೇ ಬಹಳ ಜನರ ಕಣ್ಣಮುಂದೆ ಬರುವುದು ಕಪ್ಪು ಜಾಕೆಟ್ಟು, ಲಡಾಖಿನ ಫೋಟೊ, ಭಾನುವಾರ ಬೆಳಿಗ್ಗೆ ಹೆದ್ದಾರಿಯ ಢಾಬಾ ಮುಂದೆ ಸಾಲಾಗಿ ನಿಂತ ಗಾಡಿಗಳು. ನಮ್ಮದೂ ಕ್ಲಬ್ಬೇ. ಆದರೆ ವರ್ಷದ ಲೆಕ್ಕ ತೆಗೆದರೆ ಎಲ್ಲರೂ ಕೂಡಿ ಗಾಡಿ ಓಡಿಸಿದ ದಿನಗಳು ಹದಿನೈದು ದಾಟುವುದಿಲ್ಲ. ಉಳಿದ ದಿನಗಳಲ್ಲಿ ಬಿಡಿಭಾಗ ಹುಡುಕುತ್ತೇವೆ, ಎಂಜಿನ್ ಬಿಚ್ಚುತ್ತೇವೆ, ಮತ್ತೆ ಜೋಡಿಸುತ್ತೇವೆ, ಆರ್‌ಟಿಒ ಕಚೇರಿಯಲ್ಲಿ ಸಾಲು ನಿಲ್ಲುತ್ತೇವೆ. ಬೇರೆ ದಾರಿಯಿಲ್ಲ. ನಮ್ಮ ಗಾಡಿಗಳನ್ನು ತಯಾರಿಸಿದ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಆ ಕಾರ್ಖಾನೆ ಇದ್ದದ್ದು ಮೈಸೂರಿನಲ್ಲಿ.

ಇದು ಪುಣೆಯ ಜಾವಾ, ಯೆಜ್ಡಿ ಮಾಲೀಕರ ಬಳಗ. ಸುಮಾರು ನಲವತ್ತು ಮಂದಿ ಇದ್ದೇವೆ. ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜು ಮೇಷ್ಟ್ರು, ಚಾಕಣ್ ಕಡೆಯ ಕಾರ್ಖಾನೆಗಳ ಫಿಟರ್‌ಗಳು, ಒಬ್ಬರು ಹಲ್ಲಿನ ಡಾಕ್ಟರು, ಹಿಂಜವಡಿಯ ನನ್ನಂಥ ಐಟಿ ಮಂದಿ. ಕನ್ನಡಿಗರು ಮೂವರೇ. ನಾನು ದಾವಣಗೆರೆಯವನು. ಆದರೂ ಬಳಗದಲ್ಲಿ ನನ್ನನ್ನು ಕರೆಯುವುದು ‘ಮೈಸೂರ್ಕರ್’ ಎಂದು. ಎರಡು ಸಲ ತಿದ್ದಿದೆ, ಆಮೇಲೆ ಬಿಟ್ಟೆ. ಅವರ ಪಾಲಿಗೆ ಕರ್ನಾಟಕ ಎಂದರೆ ಜಾವಾ ಬಂದ ಊರು, ಅಷ್ಟೇ.

ಮೈಸೂರಿನ ಹಿರಿಯರಿಗೆ ಈ ಕತೆ ಹೊಸದಲ್ಲ. ಕಿರಿಯರಿಗಾಗಿ ಎರಡು ಮಾತು. ಜಾವಾ ಮೂಲತಃ ಜೆಕೊಸ್ಲೊವಾಕಿಯಾದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಬೈಕ್ ತಯಾರಿಕೆಯ ಹಕ್ಕು ಕೊಂಡ. ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ ಜಾವಾ ಆಯಿತು. ಅದನ್ನು ಭಾರತದಲ್ಲಿ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜ ಒಡೆಯರ್ ಅವರ ಬೆಂಬಲ ಅದಕ್ಕಿತ್ತು. 1961ರಲ್ಲಿ ಉತ್ಪಾದನೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಜೆಕ್ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯೆಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ರೋಡ್‌ಕಿಂಗ್, ಕ್ಲಾಸಿಕ್, ಮೊನಾರ್ಕ್ ಎಲ್ಲವೂ ಅದೇ ಛಾವಣಿಯಡಿಯಿಂದ ಬಂದವು. ಆಮೇಲೆ ಲೀಟರಿಗೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಎಂದು ಹೇಳಿಕೊಳ್ಳುವ 100 ಸಿಸಿ ಜಪಾನಿ ತಂತ್ರಜ್ಞಾನದ ಗಾಡಿಗಳು ಬಂದವು. ಇಪ್ಪತ್ತೈದು ಮೂವತ್ತು ಕೊಡುವ, ಹೊಗೆಯುಗುಳುವ ಟೂ ಸ್ಟ್ರೋಕ್ ಎಂಜಿನ್ನಿಗೆ ಉಳಿಗಾಲವಿರಲಿಲ್ಲ.

ಈ ಗಾಡಿಯ ಸ್ವಭಾವ ತಿಳಿದರೆ ಬಳಗ ಏಕೆ ಬೇಕು ಎನ್ನುವುದು ತಿಳಿಯುತ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಎಡಗಾಲಿನ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಮಿ.ಲೀ. ಟೂ-ಟಿ ಆಯಿಲ್ ನಾವೇ ಬೆರೆಸಬೇಕು. ಆ ಎಣ್ಣೆ ಎಂಜಿನ್ನಿನೊಳಗೆ ಹೋಗುವುದು ಪೆಟ್ರೋಲಿನ ಜತೆಗೇ. ಹಾಗಾಗಿ ಉದ್ದನೆಯ ಘಾಟ್ ಇಳಿಯುವಾಗ ಆಕ್ಸಿಲರೇಟರ್ ಪೂರಾ ಬಿಟ್ಟುಕೊಂಡು ಗೇರಿನಲ್ಲಿ ಇಳಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಕಟ್ಟಿಹಾಕಿದ ಹಾಗೆ ನಿಲ್ಲುತ್ತದೆ. ಇಂದಿನ ಬೈಕ್ ಓಡಿಸಿ ಬಂದ ಹುಡುಗನಿಗೆ ಇದನ್ನು ಯಾರು ಹೇಳಿಕೊಡುತ್ತಾರೆ? ಕಂಪನಿಯಿಲ್ಲ, ಡೀಲರ್ ಇಲ್ಲ. ಹೊಸ ಸದಸ್ಯ ಬಂದಾಗ ನಾವು ಮೊದಲು ಹೇಳುವ ಪಾಠ ಇದೇ: ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುಗಿಸು.

ನಮ್ಮ ವರ್ಷ ಜನವರಿಯಲ್ಲಲ್ಲ, ಮಳೆಯಲ್ಲಿ ಶುರುವಾಗುತ್ತದೆ. ಜುಲೈ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಬೆಂಗಳೂರು, ಮೈಸೂರು, ಮುಂಬೈ, ಹೈದರಾಬಾದ್ ಎಲ್ಲ ಕಡೆ ಹಳೆಯ ಜಾವಾಗಳು ಅಂದು ಬೀದಿಗೆ ಬರುತ್ತವೆ. ಪುಣೆಯಲ್ಲಿ ಹೆಚ್ಚಿನ ವರ್ಷ ಜಡಿಮಳೆ. ಆರು ವೋಲ್ಟಿನ ದೀಪ, ಪಾಯಿಂಟ್ ಸೆಟ್ಟಿಗೆ ನೀರು, ಒದ್ದೆಯಾದ ಪ್ಲಗ್ ಕ್ಯಾಪ್. ಮೂವತ್ತು ಗಾಡಿ ಹೊರಟರೆ ತಾಮ್ಹಿಣಿ ಘಾಟ್ ತಲುಪುವ ಹೊತ್ತಿಗೆ ಐದಾರು ಟೆಂಪೊ ಏರಿರುತ್ತವೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಿಸಿ ಭಜಿ ತಿನ್ನುತ್ತಾ ಯಾರ ಗಾಡಿ ಯಾಕೆ ನಿಂತಿತು ಎನ್ನುವ ವಾದವೇ ಆ ದಿನದ ಮುಖ್ಯ ಕಾರ್ಯಕ್ರಮ. ಆಳಂದಿ, ದೇಹುಗಳಿಂದ ಪಂಢರಪುರಕ್ಕೆ ಹೊರಡುವ ಪಾಲಖಿಗಳು ಪುಣೆ ದಾಟುವುದೂ ಈ ಆಸುಪಾಸಿನಲ್ಲೇ. ಆಗ ಬೈಕ್ ಮನೆಯಲ್ಲಿಟ್ಟು, ವಾರಕರಿಗಳಿಗೆ ಒಂದು ದಿನ ಚಹಾ, ಬಿಸ್ಕತ್ತು ಹಂಚುತ್ತೇವೆ. ಗಣೇಶೋತ್ಸವದ ಹತ್ತು ದಿನ ಪೂರ್ತಿ ರಜೆ. ಆ ದಿನಗಳಲ್ಲಿ ಪೇಠೆಯ ರಸ್ತೆಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ.

ದಸರೆಯ ದಿನ ಗಾಡಿಗಳ ಪೂಜೆ. ಚೆಂಡುಹೂವಿನ ಹಾರ ಎರಡೂ ಕಡೆ ಒಂದೇ. ಇಲ್ಲಿ ಬನ್ನಿಯ ಬದಲು ಆಪ್ಟಾ ಎಲೆ. ನಾವು ಮೂವರು ಕನ್ನಡಿಗರು ಕುಂಬಳಕಾಯಿ ಒಡೆಯುವ ಪದ್ಧತಿ ತಂದೆವು. ಮೊದಲ ವರ್ಷ ಸೊಸೈಟಿಯ ವಾಚ್‌ಮನ್ ರಸ್ತೆ ಗಲೀಜಾಯಿತೆಂದು ಗೊಣಗಿದ. ಈಗ ಅವನೇ ಹಿಂದಿನ ದಿನ ಕುಂಬಳಕಾಯಿ ತಂದಿಡುತ್ತಾನೆ.

ಪುಣೆಯಲ್ಲಿ ಬಿಡಿಭಾಗ ಸಿಗುವ ಜಾಗಗಳು ಎರಡು. ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಮತ್ತು ಬುಧವಾರ, ಭಾನುವಾರ ನೆಲದ ಮೇಲೆ ಹರಡುವ ಜುನಾ ಬಜಾರ್. ನಾನಾ ಪೇಠೆಯಲ್ಲಿ ಸಿಗುವುದು ಬಹುಪಾಲು ಹೊಸದಾಗಿ ಎರಕ ಹೊಯ್ದ ನಕಲು. ಕೇಬಲ್, ರಬ್ಬರ್, ಗ್ಯಾಸ್ಕೆಟ್ ಪರವಾಗಿಲ್ಲ. ಗೇರು, ಪಿಸ್ಟನ್ ಉಂಗುರ ನಂಬುವಂತಿಲ್ಲ. ಜುನಾ ಬಜಾರ್‌ನಲ್ಲಿ ಅಸಲಿ ಸಿಗುತ್ತದೆ, ಆದರೆ ನಮಗೆ ಬೇಕಾದ ದಿನ ಅಲ್ಲ. ಅದಕ್ಕೆ ಬಳಗದಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಯಾರ ಕಣ್ಣಿಗೆ ಅಸಲಿ ಭಾಗ ಬಿದ್ದರೂ, ತನಗೆ ಬೇಡವಾದರೂ ಕೊಂಡುಬಿಡಬೇಕು. ಕೊಟ್ಟ ಬೆಲೆಗೇ ಬೇರೆಯವರಿಗೆ ಕೊಡಬೇಕು, ಒಂದು ರೂಪಾಯಿ ಲಾಭ ಇಟ್ಟುಕೊಳ್ಳುವಂತಿಲ್ಲ. ಕಟ್ಟುಪಾಡು ಮುರಿದ ಒಬ್ಬರನ್ನು ಕಳೆದ ವರ್ಷ ಹೊರಗೆ ಹಾಕಿದ್ದೂ ಆಯಿತು. ಒಂದು ಅಸಲಿ ಸ್ಪೀಡೋಮೀಟರ್‌ಗೆ ಅವರು ಮೂರು ಪಟ್ಟು ಬೆಲೆ ಕೇಳಿದ್ದರು. ಈ ಭಾಗಗಳ ಪಟ್ಟಿ ಇಡುವುದು ನನ್ನ ಕೆಲಸ. ಆಫೀಸಿನಲ್ಲಿ ಬರೆಯುವ ಸಾಫ್ಟ್‌ವೇರ್ ಯಾವ ದೇಶದ ಯಾರಿಗೆ ಉಪಯೋಗವಾಗುತ್ತದೋ ನೋಡಿದವನಲ್ಲ. ಈ ಪಟ್ಟಿ ನೋಡಿ ಸಾಂಗ್ಲಿಯಿಂದ ಒಬ್ಬರು ಬಂದು ಕ್ಲಚ್ ಪ್ಲೇಟ್ ಒಯ್ದು ಅದೇ ಸಂಜೆ ಗಾಡಿ ಚಾಲೂ ಮಾಡಿದ ವಿಡಿಯೊ ಕಳಿಸಿದರು.

ಮಾರ್ಚ್ ಬಂತೆಂದರೆ ಕಾಗದಪತ್ರದ ಕೆಲಸ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇನ್ನೊಂದು ತಿರುಗಾಟ ಜಾಸ್ತಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ತೆಗೆದುಕೊಳ್ಳಲೇಬೇಕು. ನನ್ನದು ಅಪ್ಪನ ರೋಡ್‌ಕಿಂಗ್, ಕೆಎ-17. ದಾವಣಗೆರೆಯಿಂದ ಎನ್‌ಒಸಿ ತರಬೇಕು. ಅದಕ್ಕೆ ಮೊದಲು ಹಳೆಯ ಪುಸ್ತಕದ ಆರ್‌ಸಿಯನ್ನು ಕಂಪ್ಯೂಟರಿಗೆ ಏರಿಸಬೇಕು, ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ಎಂಜಿನ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಬಳಗದಲ್ಲಿ ಇದನ್ನೆಲ್ಲ ಮೊದಲೇ ಅನುಭವಿಸಿದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಏಜೆಂಟರ ಹಂಗಿಲ್ಲದೆ ಎಲ್ಲರ ಫೈಲೂ ಅವರೇ ಜೋಡಿಸುತ್ತಾರೆ, ಕಾಗದ ಕಾಗದಕ್ಕೂ ಟ್ಯಾಗ್ ಕಟ್ಟುತ್ತಾರೆ. ಕೊನೆಗೆ ಎಂಎಚ್-14 ನಂಬರ್ ಬಂತು. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ, “ತಡಿ, ಬರ್ಕೊಳ್ತೀನಿ” ಎಂದು ಡೈರಿ ತೆಗೆದರು. ಹಳೆಯ ನಂಬರ್ ಪ್ಲೇಟು ನನ್ನ ಪುಸ್ತಕದ ಕಪಾಟಿನಲ್ಲಿದೆ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆ ನಿಯಮ ತಂದಿದೆ. ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಆ ನಂಬರ್ ಇರುವ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಮಾತ್ರ. ನಮ್ಮಲ್ಲಿ ಅರುವತ್ತರ ದಶಕದ ಜಾವಾ ಇರುವವರು ಏಳೆಂಟು ಜನ. ಅವರಾರೂ ಅದನ್ನು ಬಯಸಿಲ್ಲ. ತರಕಾರಿ ತರಲು ಹೋಗದ ಜಾವಾ ಇದ್ದರೆಷ್ಟು ಬಿಟ್ಟರೆಷ್ಟು ಎನ್ನುವುದು ಅವರ ವಾದ. ನನಗೂ ಅದೇ ಸರಿ ಎನಿಸುತ್ತದೆ.

ಇತ್ತೀಚಿನ ತಲೆನೋವು ಇ20 ಪೆಟ್ರೋಲ್. ಇಪ್ಪತ್ತು ಭಾಗ ಎಥೆನಾಲ್ ಇರುವ ಈ ಪೆಟ್ರೋಲು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಕೂಡುತ್ತದೆ, ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಷರ್ ಮೆತ್ತಗಾಗಿ ಉಬ್ಬುತ್ತವೆ. ಪೈಪುಗಳನ್ನು ಎಥೆನಾಲ್ ತಡೆಯುವ ಹೊಸ ರಬ್ಬರಿಗೆ ಬದಲಿಸಿದ್ದೇವೆ. ಮಳೆಗಾಲಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡಿ ಎಣ್ಣೆ ಸವರಿಡುವುದು ಈಗ ಬಳಗದ ನಿಯಮ.

2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಅವು ಫೋರ್ ಸ್ಟ್ರೋಕ್, ಪೀಥಮ್‌ಪುರದಲ್ಲಿ ತಯಾರಾಗುವ ಗಾಡಿಗಳು. ಅವುಗಳ ಮಾಲೀಕರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಎರಡು ಸಭೆಗಳಲ್ಲಿ ಜಗಳವಾಯಿತು. ಜಾವಾ ದಿನಕ್ಕೆ ಬರಲಿ ಎಂದು ತೀರ್ಮಾನವಾಗಿದೆ. ಬಂದವರಲ್ಲಿ ಇಬ್ಬರು ಈಗ ಹಳೆಯದನ್ನೂ ಕೊಂಡಿದ್ದಾರೆ.

ಇಷ್ಟೆಲ್ಲ ಇದ್ದರೂ ಎರಡು ವರ್ಷದಿಂದ ಬಳಗದ ಪ್ರತಿ ಸಭೆಯೂ ಬಂದು ನಿಲ್ಲುತ್ತಿದ್ದುದು ಒಂದೇ ಪ್ರಶ್ನೆಗೆ: ಚಾಚಾ ಆದಮೇಲೆ ಯಾರು?

ನಾನಾ ಪೇಠೆಯ ಒಳಗಲ್ಲಿಯಲ್ಲಿ ಚಾಚಾನ ಗ್ಯಾರೇಜು. ಎಪ್ಪತ್ತರ ದಶಕದಲ್ಲಿ ಜಾವಾ ಡೀಲರೊಬ್ಬರ ವರ್ಕ್‌ಶಾಪಿನಲ್ಲಿ ಹುಡುಗನಾಗಿ ಸೇರಿ ಕಲಿತವರು, ಈಗ ಎಪ್ಪತ್ತು ದಾಟಿದೆ. ಪಾಯಿಂಟ್ ತೆರೆಯುವ ಕ್ಷಣ ನೋಡಲು ಅವರಿಗೆ ಯಂತ್ರ ಬೇಡ. ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಮ್ಯಾಗ್ನೆಟ್ ತಿರುಗಿಸುತ್ತಾರೆ. ಕಾಗದ ಸಡಿಲವಾದ ಜಾಗವೇ ಟೈಮಿಂಗ್. ಅದನ್ನು ನಾವೂ ಕಲಿತೆವು. ಪ್ರತಿ ಜನವರಿ, ಫೆಬ್ರವರಿಯ ಭಾನುವಾರಗಳಲ್ಲಿ ಬಳಗದ ‘ಬಿಚ್ಚುವ ಶಾಲೆ’ ನಡೆಯುತ್ತದೆ. ಕಾರ್ಬ್ಯುರೇಟರ್, ಕ್ಲಚ್, ವೈರಿಂಗ್ ಎಲ್ಲ ನಮ್ಮಲ್ಲಿ ಹತ್ತು ಜನ ಮಾಡಬಲ್ಲರು. ಯಾರಿಂದಲೂ ಆಗದಿದ್ದುದು ಕ್ರ್ಯಾಂಕ್.

ಈ ಎಂಜಿನ್ನಿನ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರವಾದ ಚಕ್ರಗಳ ನಡುವೆ ಒಂದು ಪಿನ್ನು, ಆ ಪಿನ್ನಿನ ಮೇಲೆ ಕನೆಕ್ಟಿಂಗ್ ರಾಡ್. ಬೇರಿಂಗ್ ಸವೆದರೆ ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಬೇಕು, ಹೊಸದು ಹಾಕಿ ಮತ್ತೆ ಒತ್ತಬೇಕು. ಒತ್ತಿದ ಮೇಲೆ ಎರಡೂ ಚಕ್ರಗಳು ಒಂದೇ ನೇರದಲ್ಲಿರಬೇಕು. ಮಿಲಿಮೀಟರಿನ ನೂರರಲ್ಲಿ ಮೂರು ನಾಲ್ಕು ಭಾಗಕ್ಕಿಂತ ಹೆಚ್ಚು ಓಲಾಡಿದರೆ ಸಾವಿರ ಕಿಲೋಮೀಟರಿನೊಳಗೆ ಬೇರಿಂಗ್ ಹೋಗುತ್ತದೆ. ಡಯಲ್ ಗೇಜ್ ಎಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಹೇಳುತ್ತದೆ. ಎಲ್ಲಿ, ಎಷ್ಟು ಜೋರಾಗಿ ತಾಮ್ರದ ಸುತ್ತಿಗೆಯಿಂದ ಹೊಡೆಯಬೇಕು ಎಂದು ಹೇಳುವುದಿಲ್ಲ. ಅದು ಚಾಚಾನ ಕೈಗೆ ಗೊತ್ತಿತ್ತು. ಆ ಕೈ ಈಗ ನಡುಗುತ್ತದೆ. ಕಳೆದ ವರ್ಷ ಬಳಗದ ಆರು ಎಂಜಿನ್‌ಗಳು ಕ್ರ್ಯಾಂಕ್ ಆಗದೆ ಹಾಗೇ ಗೋಣಿಚೀಲದಲ್ಲಿ ಕುಳಿತವು.

ಚಾಚಾನ ನೆರೆಮನೆಯ ಹುಡುಗನೊಬ್ಬ ಐಟಿಐ ಫಿಟರ್ ಓದಿ, ಕೆಲಸ ಸಿಗದೆ ಮನೆಮನೆಗೆ ಊಟ ತಲುಪಿಸುತ್ತಿದ್ದ. ಸಂಜೆ ಗ್ಯಾರೇಜಿಗೆ ಬಂದು ಸುಮ್ಮನೆ ನೋಡುತ್ತಾ ಕೂರುತ್ತಿದ್ದ. ಇವನನ್ನೇ ಕಲಿಸೋಣ ಎಂದು ಚಾಚಾ ಹೇಳಿದರು. ಹುಡುಗ ಕೇಳಿದ್ದು ನ್ಯಾಯವಾಗಿಯೇ ಇತ್ತು: “ಕಲಿಯುವ ಒಂದು ವರ್ಷ ಮನೆಗೆ ಏನು ಕೊಡಲಿ?” ಅವನಿಗೆ ಬಳಗದಿಂದ ತಿಂಗಳ ಸಂಬಳ ಕೊಡೋಣವೆಂಬ ಮಾತು ಬಂತು. ತಲೆಗೆ ತಿಂಗಳಿಗೆ 500 ರೂಪಾಯಿ. ಸಭೆ ರಾತ್ರಿ ಹನ್ನೊಂದರವರೆಗೆ ನಡೆಯಿತು. ನಾವು ಬೈಕ್ ಓಡಿಸಲು ಸೇರಿದ್ದು, ಧರ್ಮಶಾಲೆ ನಡೆಸಲಲ್ಲ ಎಂದವರೂ ಇದ್ದರು. ಕಲಿತ ಮೇಲೆ ಬುಲೆಟ್ ಗ್ಯಾರೇಜಿಗೆ ಓಡಿಹೋದರೆ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ನನ್ನ ಲೆಕ್ಕ ಇಷ್ಟೇ: ಮೂವತ್ತು ಜನ ಹೆಲ್ಮೆಟ್ಟಿಗೆ, ಜಾಕೆಟ್ಟಿಗೆ ವರ್ಷಕ್ಕೆ ಸುರಿಯುವ ದುಡ್ಡಿನ ಮುಂದೆ ಇದು ಏನೂ ಅಲ್ಲ. ಇಪ್ಪತ್ತಾರು ಜನ ಒಪ್ಪಿದರು. ತಿಂಗಳಿಗೆ 13,000 ಆಯಿತು. ಇಬ್ಬರು ಬಳಗ ಬಿಟ್ಟರು.

ಡಿಸೆಂಬರ್‌ನಲ್ಲಿ ನಮ್ಮ ದೊಡ್ಡ ಸವಾರಿ. ಕೊಂಕಣ, ಗೋವಾ ಎಂದು ಪ್ರತಿ ವರ್ಷ ಒಂದು ಕಡೆ. ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲದ್ದರಿಂದ ಆ ದಿಕ್ಕಿಗೆ ಯಾರಿಗೂ ಮನಸ್ಸಿಲ್ಲ. ಕಳೆದ ಸಲ ಹನ್ನೊಂದು ಗಾಡಿ, ಒಂದು ಟೆಂಪೊ, ಗುರಿ ಮೈಸೂರು. ಗಂಟೆಗೆ ಅರುವತ್ತು ದಾಟಬಾರದು, ಪ್ರತಿ ಐವತ್ತು ಕಿಲೋಮೀಟರಿಗೆ ನಿಲ್ಲಬೇಕು ಎಂಬ ನಿಯಮ. ಮೊದಲ ರಾತ್ರಿ ಹುಬ್ಬಳ್ಳಿ. ಎರಡನೇ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಅಪ್ಪ ತಮ್ಮ ರೋಡ್‌ಕಿಂಗಿನ ಮರಾಠಿ ನಂಬರ್ ನೋಡಿ ಏನೂ ಹೇಳದೆ ಟೈರಿನ ಗಾಳಿ ಒತ್ತಿ ನೋಡಿದರು. ರಾತ್ರಿ ಹಿರಿಯೂರು. ಮೂರನೇ ದಿನ ಹುಳಿಯಾರು, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ಮೈಸೂರು. ಚಾಚಾನ ಹುಡುಗ ಟೆಂಪೊದಲ್ಲಿದ್ದ, ಅವನ ಕಾಲಬಳಿ ಗೋಣಿಚೀಲದಲ್ಲಿ ಎರಡು ಕ್ರ್ಯಾಂಕ್.

ಅಲ್ಲಿನ ಜಾವಾ ಗೆಳೆಯರು ಐಡಿಯಲ್ ಜಾವಾದ ಕ್ರ್ಯಾಂಕ್ ವಿಭಾಗದಲ್ಲಿ ದುಡಿದ ಹಿರಿಯರೊಬ್ಬರನ್ನು ಒಪ್ಪಿಸಿದ್ದರು. ಪಂಚೆ, ತುಂಬುತೋಳಿನ ಷರ್ಟು, ದಪ್ಪ ಕನ್ನಡಕ. ಕಾರ್ಖಾನೆ ಮುಚ್ಚಿದ ಮೇಲೆ ಲೇಥ್ ಅಂಗಡಿಯಲ್ಲಿ ಕೆಲಸ ಮಾಡಿ ಮಕ್ಕಳನ್ನು ಓದಿಸಿದವರು. ಸ್ವಂತಕ್ಕೆ ಜಾವಾ ಕೊಂಡಿರಲೇ ಇಲ್ಲವಂತೆ. ಸೈಕಲ್ಲಿನಲ್ಲೇ ಕೆಲಸಕ್ಕೆ ಹೋದೆ ಎಂದರು. ಅವರಿಗೆ ಹಿಂದಿ ಅಷ್ಟಕ್ಕಷ್ಟೇ, ಹುಡುಗನಿಗೆ ಕನ್ನಡ ಬಾರದು. ಎರಡು ದಿನ ಮಧ್ಯೆ ನಿಂತು ಮಾತು ದಾಟಿಸುವುದು ನನ್ನ ಪಾಲಿಗೆ ಬಂತು. ಬಾಕಿಯವರು ಚಾಮುಂಡಿ ಬೆಟ್ಟ, ಅರಮನೆ ಎಂದು ಹೋದರು.

ಹುಡುಗ ಮೊದಲ ಸಲ ಸುತ್ತಿಗೆ ಎತ್ತಿದಾಗಲೇ ಹಿರಿಯರು ತಡೆದರು. “ಹೊಡೀಬೇಡ ಮಗ. ಮೊದ್ಲು ನಿಧಾನಕ್ಕೆ ತಿರುಗ್ಸು, ಮುಳ್ಳು ಎಲ್ಲಿ ಏಳುತ್ತೆ ನೋಡ್ಕೊ. ಅಲ್ಲಿ ಚಾಕ್‌ಪೀಸ್‌ನಲ್ಲಿ ಗುರುತು ಹಾಕು.” ನಾನು ಹಿಂದಿಯಲ್ಲಿ ಹೇಳಿದೆ. ಗುರುತು ಬಿದ್ದ ಮೇಲೆ ಹುಡುಗನ ಮಣಿಕಟ್ಟು ಹಿಡಿದು ಅವರೇ ಒಂದು ಪೆಟ್ಟು ಹಾಕಿಸಿದರು. ಮತ್ತೆ ತಿರುಗಿಸಿ, ಮತ್ತೆ ಗುರುತು. ಮಧ್ಯಾಹ್ನದ ಹೊತ್ತಿಗೆ ಅವರು ಕನ್ನಡದಲ್ಲೇ ಹೇಳುವುದು, ಅವನು ಮರಾಠಿಯಲ್ಲೇ ‘ಹೋ, ಹೋ’ ಎನ್ನುವುದು ನಡೆಯಿತು. ನಾನು ಟೀ ತರಲು ಹೋಗಿ ಬಂದರೂ ಯಾರಿಗೂ ಗೊತ್ತಾಗಲಿಲ್ಲ. ಮೊದಲ ಕ್ರ್ಯಾಂಕ್ ಕೆಟ್ಟಿತು, ಪಿನ್ನು ಓರೆಯಾಗಿ ಹೊಕ್ಕಿತ್ತು. ಎರಡನೆಯದು ನೇರವಾಗಲು ಮರುದಿನ ಸಂಜೆಯಾಯಿತು. ಹಿರಿಯರು ಡಯಲ್ ನೋಡಿ, “ನಮ್ ಕಾಲ್ದಲ್ಲಿ ಇದು ಪಾಸಾಗ್ತಿತ್ತು” ಎಂದರು. ದುಡ್ಡು ಮುಟ್ಟಲಿಲ್ಲ. ಚಾಚಾಗೆ ಕೊಡಿ ಎಂದು ತಮ್ಮ ಹಳೆಯ ತಾಮ್ರದ ಸುತ್ತಿಗೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಚಾಚಾ ಅದನ್ನು ಹುಡುಗನಿಗೇ ಕೊಟ್ಟುಬಿಟ್ಟರು.

ಆ ಹುಡುಗ ಈಗ ಬೆಳಿಗ್ಗೆಯೆಲ್ಲ ಗ್ಯಾರೇಜಿನಲ್ಲಿರುತ್ತಾನೆ. ಸಂಬಳ ಸಾಲದೆ ರಾತ್ರಿ ಎರಡು ಮೂರು ಗಂಟೆ ಇನ್ನೂ ಊಟ ತಲುಪಿಸುತ್ತಾನೆ. ಗೋಣಿಚೀಲದ ಆರು ಎಂಜಿನ್‌ಗಳಲ್ಲಿ ಮೂರು ಹೊರಗೆ ಬಂದಿವೆ. ಯಾರೂ ಹೇಳಿಕೊಡದೆ, ಚಾಚಾ ಬರೀ ಸ್ಟೂಲಿನ ಮೇಲೆ ಕುಳಿತು ನೋಡುತ್ತಿರುವಾಗ, ಅವನೊಬ್ಬನೇ ಕೂರಿಸಿದ ಮೊದಲ ಕ್ರ್ಯಾಂಕ್ ಕಾಲೇಜು ಮೇಷ್ಟ್ರ 1974ರ ಗಾಡಿಯಲ್ಲಿದೆ. ಇಲ್ಲಿಯವರೆಗೆ 640 ಕಿಲೋಮೀಟರ್ ಓಡಿದೆ. ಮೇಷ್ಟ್ರು ದಿನಾ ಸಂಜೆ ಮೀಟರಿನ ಫೋಟೊ ತೆಗೆದು ಬಳಗಕ್ಕೆ ಕಳಿಸುತ್ತಾರೆ. ಸಾವಿರ ಮುಟ್ಟುವವರೆಗೆ ಯಾರೂ ಏನೂ ಹೇಳಬಾರದೆಂದು ಚಾಚಾ ತಾಕೀತು ಮಾಡಿದ್ದಾರೆ.